ವಲಸಿಗರ ಹಕ್ಕುಗಳ ಒಕ್ಕೂಟಗಳು: ಅಮೆರಿಕ ಸಂಯುಕ್ತ ಸಂಸ್ಥಾನ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ವಲಸಿಗರ ಪರವಾಗಿ ನ್ಯಾಯಾಲಯದಲ್ಲಿ, ಶಾಸನಸಭೆಗಳಲ್ಲಿ ಮತ್ತು ಬೀದಿಯಲ್ಲಿ ಹೋರಾಡುವ ಹಲವು ಸಂಸ್ಥೆಗಳ ಕೂಟಗಳನ್ನು ವಲಸಿಗರ ಹಕ್ಕುಗಳ ಒಕ್ಕೂಟಗಳು ಎನ್ನುತ್ತಾರೆ. ಚರ್ಚುಗಳು, ಕಾರ್ಮಿಕ ಸಂಘಗಳು, ಕಾನೂನು ನೆರವು ಕೇಂದ್ರಗಳು, ನಿರಾಶ್ರಿತರ ಸೇವಾಸಂಸ್ಥೆಗಳು, ವಿದ್ಯಾರ್ಥಿ ಗುಂಪುಗಳು, ಒಂದೊಂದು ದೇಶದಿಂದ ಬಂದವರ ಸಂಘಗಳು ಇವುಗಳ ಸದಸ್ಯರು. ಲಾಸ್ ಏಂಜಲೀಸ್‌ನ ‘ಚಿರ್ಲಾ’, ಷಿಕಾಗೋದ ಇಲಿನಾಯ್ ವಲಸಿಗರ ಮತ್ತು ನಿರಾಶ್ರಿತರ ಹಕ್ಕುಗಳ ಒಕ್ಕೂಟ, ನ್ಯೂಯಾರ್ಕ್ ಇಮಿಗ್ರೇಷನ್ ಕೊಯಲಿಷನ್, ಬಾಸ್ಟನ್ನಿನ ‘ಮೀರಾ’ ಇವುಗಳಲ್ಲಿ ಹಳೆಯವು. ನಾಲ್ಕೂ 1986-87ರ ಆಸುಪಾಸಿನಲ್ಲಿ ಹುಟ್ಟಿದವು.

ದಾಖಲೆಗಳಿಲ್ಲದೆ ಬದುಕುತ್ತಿರುವವರಿಗೆ ಪೌರತ್ವದ ದಾರಿ ತೆರೆಯುವ ಸಮಗ್ರ ಕಾಯ್ದೆಯನ್ನು ತರುವುದು ಇವುಗಳ ಘೋಷಿತ ಗುರಿ. 1986ರ ನಂತರ ಅಂಥ ಕಾಯ್ದೆ ಬಂದಿಲ್ಲ. ಆದರೆ ಚಾಲನಾ ಪರವಾನಗಿ, ಕಾಲೇಜು ಶುಲ್ಕ, ವಕೀಲರ ನೆರವು, ಪೊಲೀಸರ ವರ್ತನೆ ಮುಂತಾದ ದಿನನಿತ್ಯದ ಸಂಗತಿಗಳಲ್ಲಿ ರಾಜ್ಯ ಮತ್ತು ನಗರಗಳ ಮಟ್ಟದಲ್ಲಿ ಇವು ಪಡೆದುಕೊಂಡದ್ದು ಗಣನೀಯ. ಗುರಿಗೂ ಗಳಿಕೆಗೂ ನಡುವಿನ ಈ ಅಂತರವೇ ಈ ಒಕ್ಕೂಟಗಳ ಇತಿಹಾಸವನ್ನು ರೂಪಿಸಿದೆ.

ಹಿನ್ನೆಲೆ

ದೇಶದೊಳಗೆ ಯಾರನ್ನು ಬಿಡಬೇಕು, ಯಾರನ್ನು ಗಡೀಪಾರು ಮಾಡಬೇಕು ಎಂಬ ತೀರ್ಮಾನ ಅಮೆರಿಕದಲ್ಲಿ ಕೇಂದ್ರ ಸರ್ಕಾರದ್ದು. 1889ರಲ್ಲಿ ಚೀನೀ ಕಾರ್ಮಿಕನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಅಧಿಕಾರವನ್ನು ಎತ್ತಿಹಿಡಿಯಿತು. 1917ರ ಕಾಯ್ದೆ ಏಷ್ಯಾದ ಬಹುಭಾಗದಿಂದ ಬರುವವರನ್ನು ತಡೆಯಿತು. ಭಗತ್ ಸಿಂಗ್ ಥಿಂಡ್ ಮೊಕದ್ದಮೆಯ 1923ರ ತೀರ್ಪಿನಿಂದ ಭಾರತೀಯರು ಪೌರತ್ವಕ್ಕೆ ಅನರ್ಹರಾದರು. 1924ರ ಕಾಯ್ದೆ ದೇಶವಾರು ಕೋಟಾ ಪದ್ಧತಿಯನ್ನು ಬಿಗಿಗೊಳಿಸಿತು.

ಇದರ ವಿರುದ್ಧದ ಸಂಘಟಿತ ಪ್ರಯತ್ನಗಳೂ ಹಳೆಯವೇ. ಗಡೀಪಾರಿನ ಭಯದಲ್ಲಿದ್ದ ಎಡಪಂಥೀಯ ಕಾರ್ಮಿಕರ ಪರವಾಗಿ ವಾದಿಸಲು ವಿದೇಶಿ ಸಂಜಾತರ ರಕ್ಷಣೆಯ ಅಮೆರಿಕನ್ ಸಮಿತಿ 1933ರಲ್ಲಿ ಹುಟ್ಟಿತು. ಭಾರತೀಯರ ಕಡೆಯಿಂದ ಜೆ.ಜೆ. ಸಿಂಗ್ ಅವರ ಇಂಡಿಯಾ ಲೀಗ್ ಆಫ್ ಅಮೆರಿಕ ಮತ್ತು ಮುಬಾರಕ್ ಅಲಿ ಖಾನ್ ಅವರ ಇಂಡಿಯಾ ವೆಲ್‌ಫೇರ್ ಲೀಗ್ ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ಸಿನ ಸದಸ್ಯರ ಮನವೊಲಿಸಲು ವರ್ಷಗಟ್ಟಲೆ ಓಡಾಡಿದವು. 1946ರ ಲೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಹಕ್ಕನ್ನೂ ವರ್ಷಕ್ಕೆ 100 ಜನರ ಕೋಟಾವನ್ನೂ ಕೊಟ್ಟಿತು. ಸಂಖ್ಯೆ ಚಿಕ್ಕದಾದರೂ ಪೌರತ್ವದ ಬಾಗಿಲು ತೆರೆಯಿತು. ಹತ್ತು ವರ್ಷಗಳಲ್ಲಿ ಪಂಜಾಬ್ ಮೂಲದ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದರು.

ಇಂದಿನ ಸಮಸ್ಯೆಯ ಬೇರು 1960ರ ದಶಕದಲ್ಲಿದೆ. ಮೆಕ್ಸಿಕೋದ ಹೊಲಗೆಲಸದವರನ್ನು ತಾತ್ಕಾಲಿಕವಾಗಿ ಕರೆತರುತ್ತಿದ್ದ ‘ಬ್ರಸೇರೊ’ ಯೋಜನೆ 1942ರಿಂದ ನಡೆದು 1964ರಲ್ಲಿ ನಿಂತಿತು. ಮರುವರ್ಷದ ಹಾರ್ಟ್–ಸೆಲ್ಲರ್ ಕಾಯ್ದೆ ಜನಾಂಗೀಯ ಕೋಟಾಗಳನ್ನು ರದ್ದುಮಾಡಿ ಏಷ್ಯಾದವರಿಗೆ ಅವಕಾಶ ಕೊಟ್ಟಿತು. ಅದೇ ಕಾಯ್ದೆ ಅಮೆರಿಕ ಖಂಡಗಳಿಂದ ಬರುವವರ ಸಂಖ್ಯೆಗೆ ಮೊದಲ ಬಾರಿಗೆ ಮಿತಿಯನ್ನೂ ಹಾಕಿತು. ತೋಟ ಹೊಲಗಳಿಗೆ ಕೂಲಿಯಾಳುಗಳು ಬೇಕೇ ಇದ್ದರು, ಬರುವವರೂ ಇದ್ದರು, ಕಾನೂನಿನ ದಾರಿ ಮಾತ್ರ ಕಿರಿದಾಯಿತು. ಹಾಗಾಗಿ ಮೊದಲು ದಾಖಲೆಯೊಂದಿಗೆ ಬರುತ್ತಿದ್ದವರೇ ಈಗ ದಾಖಲೆಯಿಲ್ಲದೆ ಬರತೊಡಗಿದರು. ಅವರನ್ನು ಸಂಘಟಿಸಲು 1968ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬರ್ಟ್ ಕರೋನಾ ಮತ್ತು ಸೊಲೆದಾದ್ ಅಲತೋರೆ ‘ಕಾಸಾ’ ಎಂಬ ಸಂಘ ಕಟ್ಟಿದರು. ದಾಖಲೆಯಿಲ್ಲದವರೂ ಕಾರ್ಮಿಕರೇ, ಅವರನ್ನು ಸಂಘದ ಹೊರಗಿಟ್ಟರೆ ಕೂಲಿ ಇಳಿಯುವುದು ಎಲ್ಲರದ್ದೂ ಎಂಬುದು ಅವರ ವಾದ. ಆಗಿನ ಹೆಚ್ಚಿನ ಕಾರ್ಮಿಕ ಸಂಘಗಳಿಗೆ ಈ ಮಾತು ರುಚಿಸಲಿಲ್ಲ.

ಆಶ್ರಯ ಚಳವಳಿ

1980ರ ದಶಕದಲ್ಲಿ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದ ಅಂತರ್ಯುದ್ಧಗಳಿಂದ ತಪ್ಪಿಸಿಕೊಂಡು ಲಕ್ಷಾಂತರ ಜನ ಉತ್ತರಕ್ಕೆ ಬಂದರು. ಆ ದೇಶಗಳ ಸರ್ಕಾರಗಳಿಗೆ ಅಮೆರಿಕವೇ ಬೆಂಬಲವಾಗಿತ್ತು. ಹೀಗಾಗಿ ಅಲ್ಲಿಂದ ಓಡಿಬಂದವರನ್ನು ನಿರಾಶ್ರಿತರೆಂದು ಒಪ್ಪುವುದು ರಾಜಕೀಯವಾಗಿ ಮುಜುಗರದ ಸಂಗತಿ. 1984ರಲ್ಲಿ ಸಾಲ್ವಡಾರಿನವರ ಆಶ್ರಯ ಅರ್ಜಿಗಳಲ್ಲಿ ಮಂಜೂರಾದದ್ದು ಶೇ. 3ಕ್ಕಿಂತ ಕಡಿಮೆ.

1982ರ ಮಾರ್ಚ್ 24ರಂದು ಅರಿಜೋನಾದ ಟೂಸಾನ್ ಊರಿನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು, ಪಾದ್ರಿ ಜಾನ್ ಫೈಫ್ ಅವರ ನೇತೃತ್ವದಲ್ಲಿ, ನಿರಾಶ್ರಿತರಿಗೆ ಬಹಿರಂಗವಾಗಿ ಆಸರೆ ಕೊಡುವುದಾಗಿ ಘೋಷಿಸಿತು. ಚಳವಳಿ ಹರಡಿದಾಗ ದೇಶದ ಸುಮಾರು 500 ಚರ್ಚು, ಸಿನಗಾಗ್‌ಗಳು ಇದರಲ್ಲಿ ಸೇರಿದವು. ಸರ್ಕಾರ ಕಾರ್ಯಕರ್ತರ ಮೇಲೆ ಮೊಕದ್ದಮೆ ಹೂಡಿತು. 1986ರಲ್ಲಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಚರ್ಚುಗಳು ತಾವೇ ಹೂಡಿದ್ದ ಇನ್ನೊಂದು ದಾವೆ 1991ರಲ್ಲಿ ರಾಜಿಯಲ್ಲಿ ಮುಗಿದು, ಸಾಲ್ವಡಾರ್ ಮತ್ತು ಗ್ವಾಟೆಮಾಲಾದವರ ಅರ್ಜಿಗಳನ್ನು ಹೊಸದಾಗಿ ವಿಚಾರಿಸಲು ಸರ್ಕಾರ ಒಪ್ಪಿತು. ತಾಯ್ನಾಡು ಯುದ್ಧ ಅಥವಾ ವಿಪತ್ತಿನಲ್ಲಿರುವವರಿಗೆ ಅಲ್ಪಾವಧಿಯ ರಕ್ಷಣೆ ಕೊಡುವ ವ್ಯವಸ್ಥೆ 1990ರ ಕಾಯ್ದೆಯಲ್ಲಿ ಸೇರಿದ್ದಕ್ಕೂ ಇದೇ ಒತ್ತಡ ಕಾರಣ. ಚರ್ಚು, ವಕೀಲರು ಮತ್ತು ವಲಸಿಗರ ಸಂಘಗಳು ಒಟ್ಟಾಗಿ ಕೆಲಸ ಮಾಡುವ ಅಭ್ಯಾಸ ಬೆಳೆದದ್ದು ಈ ಚಳವಳಿಯಲ್ಲಿ.

1986ರ ಕಾಯ್ದೆ ಮತ್ತು ಒಕ್ಕೂಟಗಳ ಹುಟ್ಟು

ಅಧ್ಯಕ್ಷ ರೊನಾಲ್ಡ್ ರೇಗನ್ 1986ರ ನವೆಂಬರ್ 6ರಂದು ಸಹಿಹಾಕಿದ ವಲಸೆ ಸುಧಾರಣೆ ಮತ್ತು ನಿಯಂತ್ರಣ ಕಾಯ್ದೆ ಎರಡು ಕೆಲಸ ಮಾಡಿತು. 1982ರ ಜನವರಿ 1ಕ್ಕಿಂತ ಮೊದಲಿನಿಂದ ದೇಶದಲ್ಲಿದ್ದವರಿಗೂ ಒಂದು ವರ್ಗದ ಹೊಲಗೆಲಸದವರಿಗೂ ಕಾನೂನುಬದ್ಧ ನೆಲೆ ಕೊಟ್ಟಿತು. ಜೊತೆಗೆ, ದಾಖಲೆಯಿಲ್ಲದವರನ್ನು ತಿಳಿದೂ ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ಮೊದಲ ಬಾರಿಗೆ ದಂಡ ವಿಧಿಸಿತು. ಅರ್ಜಿ ಹಾಕಿದವರು ಸುಮಾರು 30 ಲಕ್ಷ. ನೆಲೆ ದೊರೆತದ್ದು ಸುಮಾರು 27 ಲಕ್ಷ ಜನರಿಗೆ.

ಜನ ಸರ್ಕಾರಿ ಕಚೇರಿಗೆ ಹೋಗಲು ಹೆದರುತ್ತಾರೆಂದು ಅರಿತಿದ್ದ ಕಾಯ್ದೆ, ಚರ್ಚು ಮತ್ತು ಸೇವಾಸಂಸ್ಥೆಗಳಿಗೇ ಅರ್ಜಿ ಸ್ವೀಕರಿಸುವ ಅಧಿಕಾರ ಕೊಟ್ಟಿತ್ತು. ಬಾಡಿಗೆ ರಸೀದಿ, ಸಂಬಳದ ಚೀಟಿ, ಮಕ್ಕಳ ಶಾಲಾ ದಾಖಲೆ ಹೀಗೆ ಐದು ವರ್ಷದ ವಾಸಕ್ಕೆ ಪುರಾವೆ ಒಟ್ಟುಮಾಡುವ ಕೆಲಸದಲ್ಲಿ ನೂರಾರು ಸಂಸ್ಥೆಗಳು ತೊಡಗಿದವು. 1987ರ ಮೇ ತಿಂಗಳಿಂದ ಒಂದು ವರ್ಷದೊಳಗೆ ಮುಖ್ಯ ಕಾರ್ಯಕ್ರಮದ ಅರ್ಜಿಗಳು ಸೇರಬೇಕಿತ್ತು. ಮಾಹಿತಿ ಹಂಚಿಕೊಳ್ಳಲು, ಅಧಿಕಾರಿಗಳ ತಪ್ಪು ಅರ್ಥವಿವರಣೆಯನ್ನು ಪ್ರಶ್ನಿಸಲು, ಕಂದಾಚಾರದ ಕಚೇರಿ ನಿಯಮಗಳನ್ನು ಸಡಿಲಿಸಲು ಒಂದೊಂದು ನಗರದಲ್ಲೂ ಒಂದೊಂದು ಒಕ್ಕೂಟ ಏರ್ಪಟ್ಟಿತು. ಫೋರ್ಡ್ ಫೌಂಡೇಷನ್ ಇವುಗಳಲ್ಲಿ ಹಲವಕ್ಕೆ ಆರಂಭದ ಹಣ ಒದಗಿಸಿತು. ರಾಷ್ಟ್ರಮಟ್ಟದಲ್ಲಿ ವಲಸಿಗರ ಮತ್ತು ನಿರಾಶ್ರಿತರ ಹಕ್ಕುಗಳ ರಾಷ್ಟ್ರೀಯ ಜಾಲವೂ 1986ರಲ್ಲೇ ಕೆಲಸ ಆರಂಭಿಸಿತು.

ಕಾಯ್ದೆ ಬಿಟ್ಟುಹೋದ ಸಮಸ್ಯೆಗಳೇ ಈ ಒಕ್ಕೂಟಗಳನ್ನು ಮುಂದೆ ಉಳಿಸಿದವು. 1982ರ ನಂತರ ಬಂದವರಿಗೆ ಏನೂ ಸಿಗಲಿಲ್ಲ. ಗಂಡನಿಗೆ ನೆಲೆ ದೊರೆತು ಹೆಂಡತಿ ಮಕ್ಕಳಿಗೆ ದೊರೆಯದ ಸಂಸಾರಗಳು ಸಾಕಷ್ಟಿದ್ದವು. ದಂಡದ ಭಯದಿಂದ ಮಾಲೀಕರು ಕಂದುಬಣ್ಣದ ಅಥವಾ ಉಚ್ಚಾರಣೆ ಬೇರೆಯಾದ ಎಲ್ಲರನ್ನೂ ದೂರವಿಡುತ್ತಿದ್ದಾರೆ ಎಂಬ ದೂರುಗಳು ಬಂದವು. ಅರ್ಜಿ ತುಂಬಿಸಲು ಸೇರಿದ ಕೂಟಗಳು ಹೀಗೆ ಹಕ್ಕೊತ್ತಾಯದ ಸಂಸ್ಥೆಗಳಾದವು.

ರಚನೆ ಮತ್ತು ಕಾರ್ಯವಿಧಾನ

ಒಕ್ಕೂಟದ ಸದಸ್ಯರು ಸಾಮಾನ್ಯವಾಗಿ ವ್ಯಕ್ತಿಗಳಲ್ಲ, ಸಂಸ್ಥೆಗಳು. ನ್ಯೂಯಾರ್ಕ್ ಒಕ್ಕೂಟದಲ್ಲಿ 200ಕ್ಕೂ ಹೆಚ್ಚು ಸಂಸ್ಥೆಗಳಿವೆ. ಸದಸ್ಯ ಸಂಸ್ಥೆಗಳು ತಮ್ಮ ಭಾಷೆಯಲ್ಲಿ ತಮ್ಮ ಜನರ ನಡುವೆ ಕೆಲಸ ಮಾಡುತ್ತವೆ. ಕೇಂದ್ರ ಕಚೇರಿಯ ಸಿಬ್ಬಂದಿ ಕರಡು ಮಸೂದೆ, ಶಾಸಕರ ಭೇಟಿ, ಪತ್ರಿಕಾಗೋಷ್ಠಿ, ತರಬೇತಿಗಳನ್ನು ನೋಡಿಕೊಳ್ಳುತ್ತಾರೆ. ಚಿರ್ಲಾದಂಥ ಕೆಲವು ಒಕ್ಕೂಟಗಳು ಕಾಲಕ್ರಮದಲ್ಲಿ ದಿನಗೂಲಿಗಳು, ಮನೆಗೆಲಸದವರು, ವಿದ್ಯಾರ್ಥಿಗಳನ್ನು ನೇರವಾಗಿ ಸದಸ್ಯರನ್ನಾಗಿ ಮಾಡಿಕೊಂಡವು.

ಕೆಲಸದಲ್ಲಿ ಸೇವೆ ಮತ್ತು ಹೋರಾಟ ಹೆಣೆದುಕೊಂಡಿರುತ್ತವೆ. ಪೌರತ್ವ ಪರೀಕ್ಷೆಗೆ ತರಗತಿ, ಗ್ರೀನ್ ಕಾರ್ಡ್ ನವೀಕರಣ, ‘ನಿಮ್ಮ ಹಕ್ಕು ತಿಳಿಯಿರಿ’ ಶಿಬಿರ, ವಲಸೆ ಅಧಿಕಾರಿಗಳ ದಾಳಿಯ ಸುದ್ದಿ ತಿಳಿಸುವ ಸಹಾಯವಾಣಿ ಇವು ಸೇವೆಯ ಭಾಗ. ವಾರಂಟ್ ಇಲ್ಲದೆ ಬಂದ ಅಧಿಕಾರಿಗೆ ಬಾಗಿಲು ತೆರೆಯಬೇಕಾಗಿಲ್ಲ, ವಕೀಲರಿಲ್ಲದೆ ಏನಕ್ಕೂ ಸಹಿಹಾಕಬೇಕಾಗಿಲ್ಲ ಎಂಬ ಮಾಹಿತಿಯ ಪುಟ್ಟ ಕೆಂಪು ಚೀಟಿಗಳು ದೇಶದಾದ್ಯಂತ ಬಳಕೆಯಲ್ಲಿವೆ. ಸೇವೆಗೆಂದು ಬಂದವರೇ ಮುಂದೆ ಮೆರವಣಿಗೆಗೆ, ಶಾಸಕರ ಭೇಟಿಗೆ ಬರುತ್ತಾರೆ. ಪೌರತ್ವ ಪಡೆದವರನ್ನು ಮತದಾರರ ಪಟ್ಟಿಗೆ ಸೇರಿಸುವುದು ಮುಂದಿನ ಹೆಜ್ಜೆ.

ತೆರಿಗೆ ಕಾನೂನಿನ 501(ಸಿ)(3) ವಿಧಿಯಡಿ ನೋಂದಾಯಿತ ಸಂಸ್ಥೆಗಳು ಚುನಾವಣೆಯಲ್ಲಿ ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ; ಶಾಸಕರ ಮೇಲೆ ಒತ್ತಡ ತರುವುದಕ್ಕೂ ಮಿತಿಯಿದೆ. ಹೀಗಾಗಿ ಹಲವು ಒಕ್ಕೂಟಗಳು 501(ಸಿ)(4) ವಿಧಿಯಡಿ ರಾಜಕೀಯ ಕೆಲಸಕ್ಕೆ ಪ್ರತ್ಯೇಕ ಸೋದರ ಸಂಸ್ಥೆಗಳನ್ನು ಕಟ್ಟಿಕೊಂಡಿವೆ. ಪ್ರತಿಷ್ಠಾನಗಳ ಅನುದಾನ, ರಾಜ್ಯ ಸರ್ಕಾರಗಳ ಸೇವಾ ಗುತ್ತಿಗೆ, ಸದಸ್ಯರ ದೇಣಿಗೆ ಇವು ಹಣದ ಮೂಲಗಳು. ಸರ್ಕಾರದ ಹಣದಿಂದ ಪೌರತ್ವ ತರಗತಿ ನಡೆಸುತ್ತಲೇ ಅದೇ ಸರ್ಕಾರವನ್ನು ಟೀಕಿಸಬೇಕಾದ ಇಕ್ಕಟ್ಟು ಇವುಗಳಿಗೆ ಸದಾ ಇದ್ದದ್ದೇ.

1990ರ ದಶಕ: ಹಿನ್ನಡೆ ಮತ್ತು ಮತದಾರರು

1994ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 187ನೆಯ ಪ್ರಸ್ತಾವವನ್ನು ಸುಮಾರು ಶೇ. 59 ಮತಗಳಿಂದ ಒಪ್ಪಿದರು. ದಾಖಲೆಯಿಲ್ಲದವರಿಗೆ ಸರ್ಕಾರಿ ಶಾಲೆ ಮತ್ತು ತುರ್ತಲ್ಲದ ಆರೋಗ್ಯಸೇವೆಯನ್ನು ನಿರಾಕರಿಸುವ, ಅಂಥವರ ಬಗ್ಗೆ ಶಿಕ್ಷಕರು ಮತ್ತು ವೈದ್ಯಸಿಬ್ಬಂದಿ ವರದಿ ಮಾಡಬೇಕೆನ್ನುವ ಕಾನೂನು ಅದು. ದಾಖಲೆಯಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಹಕ್ಕಿದೆ ಎಂದು ಪ್ಲೈಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ 5–4ರ ಬಹುಮತದಿಂದ ಹೇಳಿತ್ತು. ನ್ಯಾಯಾಲಯ ಪ್ರಸ್ತಾವದ ಮುಖ್ಯ ಭಾಗಗಳನ್ನು ತಡೆಹಿಡಿಯಿತು. 1999ರಲ್ಲಿ ರಾಜ್ಯ ಸರ್ಕಾರ ಮೇಲ್ಮನವಿಯನ್ನು ಕೈಬಿಟ್ಟಿತು. ಪ್ರಸ್ತಾವದ ನಿಜವಾದ ಪರಿಣಾಮ ಬೇರೆಯಾಗಿತ್ತು. ಭಯಗೊಂಡ ಲಕ್ಷಾಂತರ ಗ್ರೀನ್ ಕಾರ್ಡ್‌ದಾರರು ಪೌರತ್ವಕ್ಕೆ ಅರ್ಜಿ ಹಾಕಿದರು. ಅವರಲ್ಲಿ ಬಹಳ ಮಂದಿ 1986ರ ಕಾಯ್ದೆಯಿಂದ ನೆಲೆ ಪಡೆದವರು. ಒಕ್ಕೂಟಗಳು ಅವರನ್ನು ಮತದಾರರನ್ನಾಗಿಸಿದವು. ಮುಂದಿನ ಎರಡು ದಶಕಗಳಲ್ಲಿ ಕ್ಯಾಲಿಫೋರ್ನಿಯಾ ವಲಸಿಗರಿಗೆ ಅತ್ಯಂತ ಅನುಕೂಲವಾದ ರಾಜ್ಯಗಳಲ್ಲೊಂದಾಗಲು ಇದು ಅಡಿಪಾಯ.

1996ರಲ್ಲಿ ಕಾಂಗ್ರೆಸ್ ಎರಡು ಕಠಿಣ ಕಾಯ್ದೆಗಳನ್ನು ತಂದಿತು. ಒಂದು, ಕಾನೂನುಬದ್ಧ ವಲಸಿಗರನ್ನೂ ಆಹಾರ ಕೂಪನ್ ಮತ್ತು ವೃದ್ಧರ, ಅಂಗವಿಕಲರ ನೆರವಿನಿಂದ ಹೊರಗಿಟ್ಟಿತು. ಇನ್ನೊಂದು, ಗಡೀಪಾರಿಗೆ ಕಾರಣವಾಗುವ ಅಪರಾಧಗಳ ಪಟ್ಟಿಯನ್ನು ಹಿಗ್ಗಿಸಿ, ದಾಖಲೆಯಿಲ್ಲದೆ ಇದ್ದು ದೇಶ ಬಿಟ್ಟವರಿಗೆ ಮೂರು ಅಥವಾ ಹತ್ತು ವರ್ಷಗಳ ಮರುಪ್ರವೇಶ ನಿಷೇಧ ಹೇರಿತು. ಸ್ಥಳೀಯ ಪೊಲೀಸರಿಗೆ ವಲಸೆ ಅಧಿಕಾರಿಗಳ ಕೆಲಸ ವಹಿಸುವ 287(ಜಿ) ಒಪ್ಪಂದಗಳೂ ಇದರಿಂದಲೇ ಬಂದವು. ನೆರವಿನ ಕಡಿತದ ಒಂದು ಭಾಗವನ್ನು ಒಕ್ಕೂಟಗಳು 1997 ಮತ್ತು 1998ರಲ್ಲಿ ಹಿಂದೆಗೆಸಿದವು. ಗಡೀಪಾರಿನ ನಿಯಮಗಳು ಹಾಗೇ ಉಳಿದವು.

ಕಾರ್ಮಿಕ ಸಂಘಗಳ ನಿಲುವು ಬದಲಾದದ್ದು ಈ ದಶಕದ ಕೊನೆಯಲ್ಲಿ. ಹೋಟೆಲು, ಶುಚಿಗೆಲಸ, ಮಾಂಸ ಸಂಸ್ಕರಣೆಯಲ್ಲಿ ಹೊಸ ಸದಸ್ಯರಲ್ಲಿ ಬಹಳ ಮಂದಿ ವಲಸಿಗರಾಗಿದ್ದರು. ಮಾಲೀಕರ ಮೇಲಿನ ದಂಡವನ್ನು 1986ರಲ್ಲಿ ಬೆಂಬಲಿಸಿದ್ದ ಎಎಫ್ಎಲ್–ಸಿಐಒ ಮಹಾಸಂಘ 2000ದ ಫೆಬ್ರವರಿಯಲ್ಲಿ ಅದನ್ನು ರದ್ದುಮಾಡಬೇಕೆಂದೂ ದಾಖಲೆಯಿಲ್ಲದವರಿಗೆ ನೆಲೆ ಕೊಡಬೇಕೆಂದೂ ಒತ್ತಾಯಿಸಿತು. ಕರೋನಾ 1968ರಲ್ಲಿ ಹೇಳಿದ್ದನ್ನು ಕಾರ್ಮಿಕ ಮಹಾಸಂಘ ಒಪ್ಪಲು ಮೂವತ್ತೆರಡು ವರ್ಷ ಹಿಡಿಯಿತು.

2001ರ ಸೆಪ್ಟೆಂಬರ್ 11ರ ನಂತರ

ಮೆಕ್ಸಿಕೋ ಅಧ್ಯಕ್ಷ ವಿಸೆಂತೆ ಫಾಕ್ಸ್ ಮತ್ತು ಅಮೆರಿಕ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ 2001ರ ಸೆಪ್ಟೆಂಬರ್ ಮೊದಲ ವಾರದಲ್ಲಿ ವಲಸೆ ಒಪ್ಪಂದದ ಮಾತುಕತೆ ನಡೆಸಿದ್ದರು. ಅದಾದ ಕೆಲವೇ ದಿನಗಳಲ್ಲಿ ನಡೆದ ಭಯೋತ್ಪಾದಕ ದಾಳಿ ಎಲ್ಲವನ್ನೂ ಬದಲಿಸಿತು. ವಲಸೆಯ ಆಡಳಿತ ಹೊಸ ಆಂತರಿಕ ಭದ್ರತಾ ಇಲಾಖೆಗೆ ಹೋಯಿತು. 2002ರಲ್ಲಿ ಆರಂಭವಾದ ವಿಶೇಷ ನೋಂದಣಿಯಡಿ 25 ದೇಶಗಳ ಪುರುಷರು ಕಚೇರಿಗೆ ಹೋಗಿ ಬೆರಳಚ್ಚು ಕೊಡಬೇಕಾಯಿತು. ಒಂದನ್ನು ಬಿಟ್ಟರೆ ಉಳಿದೆಲ್ಲವೂ ಮುಸ್ಲಿಂ ಬಹುಸಂಖ್ಯಾತ ದೇಶಗಳು. ದೇಶದೊಳಗೆ ಹೀಗೆ ಹಾಜರಾದವರು 80,000ಕ್ಕೂ ಹೆಚ್ಚು. ಅವರಲ್ಲಿ 13,000ಕ್ಕೂ ಹೆಚ್ಚು ಮಂದಿಯ ಮೇಲೆ ಗಡೀಪಾರು ಪ್ರಕರಣ ಹೂಡಲಾಯಿತು.

ಈ ಸಂದರ್ಭದಲ್ಲಿ ಸಿಯಾಟಲ್‌ನಲ್ಲಿ ಪ್ರಮೀಳಾ ಜಯಪಾಲ್ ‘ಹೇಟ್ ಫ್ರೀ ಜೋನ್’ ಎಂಬ ಸಂಸ್ಥೆ ಕಟ್ಟಿದರು. ಅರಬ್, ಸೊಮಾಲಿ, ಸಿಖ್ ಸಮುದಾಯಗಳ ಮೇಲಿನ ಹಲ್ಲೆ ಮತ್ತು ಬಂಧನಗಳ ವಿರುದ್ಧ ಆರಂಭವಾದ ಇದು ಮುಂದೆ ‘ಒನ್ ಅಮೆರಿಕ’ ಎಂಬ ಹೆಸರಿನಲ್ಲಿ ವಾಷಿಂಗ್ಟನ್ ರಾಜ್ಯದ ದೊಡ್ಡ ವಲಸಿಗರ ಸಂಘಟನೆಯಾಯಿತು. ಚೆನ್ನೈಯಲ್ಲಿ ಹುಟ್ಟಿದ ಜಯಪಾಲ್ 2016ರಲ್ಲಿ ಕಾಂಗ್ರೆಸ್ಸಿಗೆ ಆಯ್ಕೆಯಾದರು.

2003ರ ಶರತ್ಕಾಲದಲ್ಲಿ ಕಾರ್ಮಿಕ ಸಂಘಗಳೂ ಒಕ್ಕೂಟಗಳೂ ಸೇರಿ ವಲಸೆ ಕಾರ್ಮಿಕರ ಸ್ವಾತಂತ್ರ್ಯ ಯಾತ್ರೆ ನಡೆಸಿದವು. 1961ರಲ್ಲಿ ಕರಿಯರ ನಾಗರಿಕ ಹಕ್ಕುಗಳಿಗಾಗಿ ನಡೆದ ಬಸ್ ಯಾತ್ರೆಯ ಮಾದರಿಯಲ್ಲಿ ಹತ್ತು ನಗರಗಳಿಂದ ಹೊರಟ ಸುಮಾರು 900 ಮಂದಿ ವಾಷಿಂಗ್ಟನ್ ಹಾದು ನ್ಯೂಯಾರ್ಕ್ ತಲುಪಿದರು. ಬಿಡಿಬಿಡಿಯಾಗಿದ್ದ ಸ್ಥಳೀಯ ಸಂಘಟನೆಗಳು ಒಬ್ಬರನ್ನೊಬ್ಬರು ಪರಿಚಯಿಸಿಕೊಂಡದ್ದು ಈ ಯಾತ್ರೆಯ ಫಲ. ಸೆಂಟರ್ ಫಾರ್ ಕಮ್ಯುನಿಟಿ ಚೇಂಜ್ ಎಂಬ ಸಂಸ್ಥೆಯ ಆಶ್ರಯದಲ್ಲಿ ‘ಫರ್ಮ್’ ಎಂಬ ರಾಷ್ಟ್ರೀಯ ಕೂಟವೂ ಈ ವರ್ಷಗಳಲ್ಲೇ ರೂಪುಗೊಂಡಿತು. ಆ ಸಂಸ್ಥೆಯನ್ನು 2002ರಿಂದ 2018ರವರೆಗೆ ಮುನ್ನಡೆಸಿದ ದೀಪಕ್ ಭಾರ್ಗವ ಬೆಂಗಳೂರಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋದವರು.

2006ರ ಮೆರವಣಿಗೆಗಳು

2005ರ ಡಿಸೆಂಬರ್ 16ರಂದು ಕಾಂಗ್ರೆಸ್ಸಿನ ಕೆಳಮನೆ 239–182 ಮತಗಳಿಂದ ಸೆನ್ಸೆನ್‌ಬ್ರೆನರ್ ಮಸೂದೆಯನ್ನು ಅಂಗೀಕರಿಸಿತು. ದಾಖಲೆಯಿಲ್ಲದೆ ದೇಶದಲ್ಲಿರುವುದು ಅದುವರೆಗೆ ಸಿವಿಲ್ ಉಲ್ಲಂಘನೆ ಮಾತ್ರ. ಈ ಮಸೂದೆ ಅದನ್ನು ಗಂಭೀರ ಅಪರಾಧವೆಂದು ಕರೆದು, ಅಂಥವರಿಗೆ ನೆರವಾಗುವವರನ್ನೂ ಶಿಕ್ಷೆಯ ವ್ಯಾಪ್ತಿಗೆ ತಂದಿತು. ಇದು ಕಾಯ್ದೆಯಾದರೂ ವಲಸಿಗರಿಗೆ ನೆರವು ನಿಲ್ಲಿಸಬೇಡಿ ಎಂದು ಲಾಸ್ ಏಂಜಲೀಸ್‌ನ ಕಾರ್ಡಿನಲ್ ರಾಜರ್ ಮಹೋನಿ ತಮ್ಮ ಪಾದ್ರಿಗಳಿಗೆ ಕರೆಕೊಟ್ಟರು.

2006ರ ಮಾರ್ಚ್ 10ರಂದು ಷಿಕಾಗೋದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಮಾರ್ಚ್ 25ರಂದು ಲಾಸ್ ಏಂಜಲೀಸ್‌ನಲ್ಲಿ ಪೊಲೀಸರ ಅಂದಾಜಿನಂತೆಯೇ ಐದು ಲಕ್ಷ ಜನ. ಏಪ್ರಿಲ್ 10ರಂದು ನೂರಕ್ಕೂ ಹೆಚ್ಚು ಊರುಗಳಲ್ಲಿ ಮೆರವಣಿಗೆಗಳು ನಡೆದವು. ಮೇ 1ರಂದು ‘ವಲಸಿಗರಿಲ್ಲದ ದಿನ’ವೆಂದು ಕೆಲಸ, ಶಾಲೆ, ಅಂಗಡಿಗಳನ್ನು ಬಹಿಷ್ಕರಿಸಲು ಕರೆ ಹೋಯಿತು. ಇಷ್ಟು ಜನರನ್ನು ಒಕ್ಕೂಟಗಳು ತಮ್ಮ ಬಲದಿಂದಲೇ ಹೊರತರಲು ಸಾಧ್ಯವಿರಲಿಲ್ಲ. ಎಡ್ಡಿ ‘ಪಿಯೊಲಿನ್’ ಸೊತೆಲೊ ಮತ್ತು ‘ಎಲ್ ಕುಕುಯ್’ ಎಂದು ಹೆಸರಾದ ರೆನಾನ್ ಅಲ್ಮೆಂದಾರೆಸ್ ಕೊಯೆಲೊ ಅವರಂಥ ಸ್ಪ್ಯಾನಿಷ್ ರೇಡಿಯೋ ನಿರೂಪಕರು ದಿನವೂ ಬೆಳಿಗ್ಗೆ ಜನರನ್ನು ಹುರಿದುಂಬಿಸಿದರು. ಬಿಳಿ ಅಂಗಿ ತೊಡಿ, ಅಮೆರಿಕದ ಬಾವುಟ ಹಿಡಿಯಿರಿ, ಶಾಂತಿಯಿಂದಿರಿ ಎಂಬ ಸೂಚನೆಗಳು ಅವರ ಮೂಲಕವೇ ಮನೆಮನೆ ತಲುಪಿದವು. ‘ಇಂದು ನಡೆಯುತ್ತೇವೆ, ನಾಳೆ ಮತ ಹಾಕುತ್ತೇವೆ’ ಎಂಬುದು ಆ ದಿನಗಳ ಘೋಷಣೆ.

ಸೆನ್ಸೆನ್‌ಬ್ರೆನರ್ ಮಸೂದೆ ಸತ್ತಿತು. ಆದರೆ ಸೆನೆಟ್ ಮೇ 25ರಂದು 62–36ರಿಂದ ಒಪ್ಪಿದ ಸುಧಾರಣಾ ಮಸೂದೆಯೂ ಕೆಳಮನೆಯಲ್ಲಿ ಮುಂದೆ ಸಾಗಲಿಲ್ಲ. 2007ರ ಜೂನ್‌ನಲ್ಲಿ ಇನ್ನೊಂದು ಮಸೂದೆ ಸೆನೆಟ್ಟಿನಲ್ಲೇ ಬಿದ್ದುಹೋಯಿತು. ನಂಬರ್ಸ್‌ಯುಎಸ್ಎ ಎಂಬ ವಿರೋಧಿ ಸಂಘಟನೆಯ ಬೆಂಬಲಿಗರು ಸೆನೆಟರುಗಳ ಕಚೇರಿಗಳಿಗೆ ಕಳಿಸಿದ ಫ್ಯಾಕ್ಸ್ ಮತ್ತು ದೂರವಾಣಿ ಕರೆಗಳ ಮಹಾಪೂರ ಅದರ ಸೋಲಿಗೆ ಒಂದು ಕಾರಣ. ಬೀದಿಗೆ ಬಂದ ಜನಸ್ತೋಮ ಮಸೂದೆಯನ್ನು ತಡೆಯಬಲ್ಲದು, ತರಲಾರದು ಎಂಬುದು 2006–07ರ ಪಾಠವಾಯಿತು.

ಯುವಜನರು ಮತ್ತು ‘ಡಾಕಾ’

ಚಿಕ್ಕಂದಿನಲ್ಲಿ ತಂದೆತಾಯಿಯರೊಂದಿಗೆ ಬಂದು ಅಮೆರಿಕದಲ್ಲೇ ಓದಿ ಬೆಳೆದವರಿಗೆ ನೆಲೆ ಕೊಡುವ ‘ಡ್ರೀಮ್’ ಮಸೂದೆಯನ್ನು ಸೆನೆಟರುಗಳಾದ ರಿಚರ್ಡ್ ಡರ್ಬಿನ್ ಮತ್ತು ಆರಿನ್ ಹ್ಯಾಚ್ 2001ರಲ್ಲಿ ಮಂಡಿಸಿದ್ದರು. ಇದರ ಸುತ್ತ ಬೆಳೆದ ವಿದ್ಯಾರ್ಥಿ ಗುಂಪುಗಳು ಮೊದಲು ಹಿರಿಯ ಒಕ್ಕೂಟಗಳ ಆಸರೆಯಲ್ಲಿದ್ದವು. 2008ರ ಹೊತ್ತಿಗೆ ಅವು ಯುನೈಟೆಡ್ ವಿ ಡ್ರೀಮ್ ಎಂಬ ಸ್ವಂತ ಜಾಲ ಕಟ್ಟಿಕೊಳ್ಳತೊಡಗಿದವು. 2010ರ ಜನವರಿ 1ರಂದು ನಾಲ್ವರು ವಿದ್ಯಾರ್ಥಿಗಳು ಮಯಾಮಿಯಿಂದ ವಾಷಿಂಗ್ಟನ್‌ಗೆ ಕಾಲ್ನಡಿಗೆಯಲ್ಲಿ ಹೊರಟರು. ಮಾರ್ಚ್‌ನಲ್ಲಿ ಷಿಕಾಗೋದ ಫೆಡರಲ್ ಪ್ಲಾಜಾದಲ್ಲಿ ಯುವಕ ಯುವತಿಯರು ವೇದಿಕೆ ಹತ್ತಿ, ತಮಗೆ ದಾಖಲೆಯೂ ಇಲ್ಲ, ಭಯವೂ ಇಲ್ಲ ಎಂದು ತಮ್ಮ ಹೆಸರು ಹೇಳಿಕೊಂಡರು. ಮೇ ತಿಂಗಳಲ್ಲಿ ಟೂಸಾನ್‌ನ ಸೆನೆಟರ್ ಜಾನ್ ಮೆಕೇನ್ ಕಚೇರಿಯಲ್ಲಿ ಧರಣಿ ಕೂತು ಬಂಧನಕ್ಕೊಳಗಾದರು.

ಡಿಸೆಂಬರ್‌ನಲ್ಲಿ ಕೆಳಮನೆ ‘ಡ್ರೀಮ್’ ಮಸೂದೆಯನ್ನು 216–198ರಿಂದ ಒಪ್ಪಿತು. ಸೆನೆಟ್ಟಿನಲ್ಲಿ ಚರ್ಚೆ ಮುಕ್ತಾಯಗೊಳಿಸಲು 60 ಮತ ಬೇಕಿತ್ತು, ಸಿಕ್ಕಿದ್ದು 55. ಆಮೇಲೆ ಯುವಜನರು ಗುರಿಯನ್ನು ಕಾಂಗ್ರೆಸ್ಸಿನಿಂದ ಶ್ವೇತಭವನದತ್ತ ತಿರುಗಿಸಿದರು. ಚುನಾವಣೆ ಹತ್ತಿರವಿದ್ದ 2012ರ ಜೂನ್ 15ರಂದು ಅಧ್ಯಕ್ಷ ಬರಾಕ್ ಒಬಾಮಾ ‘ಡಾಕಾ’ ಯೋಜನೆ ಪ್ರಕಟಿಸಿದರು. 16 ವರ್ಷ ತುಂಬುವ ಮೊದಲೇ ಬಂದು, 2007ರಿಂದ ಸತತವಾಗಿ ನೆಲೆಸಿದ್ದ, 31 ವರ್ಷದೊಳಗಿನವರಿಗೆ ಎರಡು ವರ್ಷಗಳ ಗಡೀಪಾರು ವಿನಾಯಿತಿಯೂ ಕೆಲಸದ ಪರವಾನಗಿಯೂ ದೊರೆತವು. ಮುಂದಿನ ಐದು ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ಇದರ ಪ್ರಯೋಜನ ಪಡೆದರು. ಇದು ಪೌರತ್ವವಲ್ಲ, ಗ್ರೀನ್ ಕಾರ್ಡೂ ಅಲ್ಲ. ನವೀಕರಿಸುತ್ತಾ ಹೋಗಬೇಕಾದ ವಿನಾಯಿತಿ ಮಾತ್ರ.

2013ರ ಜೂನ್ 27ರಂದು ಸೆನೆಟ್ 68–32ರಿಂದ ಒಪ್ಪಿದ ಸಮಗ್ರ ಮಸೂದೆಯಲ್ಲಿ 13 ವರ್ಷಗಳ ಪೌರತ್ವದ ದಾರಿಯೂ ಗಡಿಗೆ ಭಾರೀ ಕಾವಲೂ ಜೊತೆಯಾಗಿದ್ದವು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. ಅದೇ ಒಬಾಮಾ ಆಡಳಿತ 2012ರ ಹಣಕಾಸು ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಹೊರಹಾಕಿತ್ತು. ದಿನಗೂಲಿಗಳ ರಾಷ್ಟ್ರೀಯ ಸಂಘಟನಾ ಜಾಲ ‘ಇನ್ನೊಬ್ಬರೂ ಬೇಡ’ ಎಂಬ ಅಭಿಯಾನದಲ್ಲಿ ಗಡೀಪಾರಿನ ಬಸ್ಸುಗಳನ್ನು ಅಡ್ಡಗಟ್ಟಿತು. 2014ರ ನವೆಂಬರ್‌ನಲ್ಲಿ ಒಬಾಮಾ ಪ್ರಕಟಿಸಿದ, ಪೌರರ ಅಥವಾ ಗ್ರೀನ್ ಕಾರ್ಡ್‌ದಾರರ ತಂದೆತಾಯಿಯರಿಗೂ ವಿನಾಯಿತಿ ಕೊಡುವ ಯೋಜನೆಯನ್ನು ಕೆಳ ನ್ಯಾಯಾಲಯ ತಡೆಯಿತು. 2016ರಲ್ಲಿ ಸುಪ್ರೀಂ ಕೋರ್ಟು 4–4ರಲ್ಲಿ ಸಮನಾಗಿ ಒಡೆದದ್ದರಿಂದ ತಡೆ ಉಳಿಯಿತು.

ರಾಜ್ಯ ಮತ್ತು ನಗರಗಳಲ್ಲಿ

ವಾಷಿಂಗ್ಟನ್‌ನಲ್ಲಿ ದಾರಿ ಮುಚ್ಚಿದಾಗೆಲ್ಲ ಒಕ್ಕೂಟಗಳು ರಾಜ್ಯಗಳತ್ತ ತಿರುಗಿದವು. ದಾಖಲೆಯಿಲ್ಲದ ವಿದ್ಯಾರ್ಥಿಗಳಿಗೆ ಸ್ಥಳೀಯರ ಕಾಲೇಜು ಶುಲ್ಕ ನಿಗದಿಪಡಿಸುವ ಕಾಯ್ದೆಗಳು ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲಿ ಬಂದವು. ವಲಸೆ ಸ್ಥಿತಿ ನೋಡದೆ ಚಾಲನಾ ಪರವಾನಗಿ ಕೊಡುವ ರಾಜ್ಯಗಳು 2023ರ ಹೊತ್ತಿಗೆ 19 ಆದವು. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ದೇಶದಲ್ಲಿ, ಸಂಚಾರಿ ಪೊಲೀಸರು ನಿಲ್ಲಿಸಿದ್ದೇ ಗಡೀಪಾರಿನ ಮೊದಲ ಹೆಜ್ಜೆಯಾಗುತ್ತಿದ್ದುದರಿಂದ ಇದು ದೊಡ್ಡ ಗೆಲುವು.

ಗಡೀಪಾರು ನ್ಯಾಯಾಲಯದಲ್ಲಿ ಸರ್ಕಾರ ವಕೀಲರನ್ನು ಒದಗಿಸುವುದಿಲ್ಲ. ಬಂಧನದಲ್ಲಿರುವವರಿಗೆ ಸಾರ್ವಜನಿಕ ಹಣದಲ್ಲಿ ವಕೀಲರನ್ನು ಕೊಡುವ ದೇಶದ ಮೊದಲ ಯೋಜನೆ 2013ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಸ್ಥಳೀಯ ಜೈಲುಗಳು ವಲಸೆ ಇಲಾಖೆಯ ಕೋರಿಕೆಗೆ ಜನರನ್ನು ಹೆಚ್ಚು ಹೊತ್ತು ಹಿಡಿದಿಡಬಾರದೆನ್ನುವ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ 2013ರಲ್ಲಿ, ಇಲಿನಾಯ್ 2017ರಲ್ಲಿ ತಂದವು; ಇಲಿನಾಯ್‌ನಲ್ಲಿ ಸಹಿಹಾಕಿದವರು ರಿಪಬ್ಲಿಕನ್ ಗವರ್ನರ್. ಕೋವಿಡ್ ಪರಿಹಾರದಿಂದ ಹೊರಗುಳಿದ ಕಾರ್ಮಿಕರಿಗಾಗಿ ನ್ಯೂಯಾರ್ಕ್ ರಾಜ್ಯ 2021ರಲ್ಲಿ 210 ಕೋಟಿ ಡಾಲರಿನ ನಿಧಿ ಇಟ್ಟಿತು. ಅದಕ್ಕಾಗಿ ಕಾರ್ಮಿಕರು ಉಪವಾಸ ಕೂತಿದ್ದರು.

ದಕ್ಷಿಣದ ಸಂಪ್ರದಾಯಸ್ಥ ರಾಜ್ಯಗಳಲ್ಲಿ ಕೆಲಸದ ರೀತಿಯೇ ಬೇರೆ. ಟೆನೆಸಿಯ ಒಕ್ಕೂಟ ಹಳೆಯ ನಿವಾಸಿಗಳನ್ನೂ ಹೊಸಬರನ್ನೂ ಒಂದೆಡೆ ಕೂರಿಸಿ ಮಾತಾಡಿಸುವ ‘ಸ್ವಾಗತ’ ಕಾರ್ಯಕ್ರಮ ಆರಂಭಿಸಿತು. ಸರ್ಕಾರಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ಇರಬೇಕೆಂಬ ಪ್ರಸ್ತಾವವನ್ನು ನ್ಯಾಶ್‌ವಿಲ್ ಮತದಾರರು 2009ರ ಜನವರಿಯಲ್ಲಿ ತಿರಸ್ಕರಿಸಿದರು. ಇನ್ನೊಂದೆಡೆ ಅರಿಜೋನಾದ ಎಸ್‌ಬಿ 1070 ಕಾಯ್ದೆ 2010ರಲ್ಲಿ ಪೊಲೀಸರಿಗೆ ಸಂಶಯ ಬಂದವರ ದಾಖಲೆ ಕೇಳುವ ಕರ್ತವ್ಯ ವಹಿಸಿತು. ಸುಪ್ರೀಂ ಕೋರ್ಟು 2012ರಲ್ಲಿ ಅದರ ಮೂರು ಭಾಗಗಳನ್ನು ರದ್ದುಮಾಡಿ, ದಾಖಲೆ ಕೇಳುವ ಭಾಗವನ್ನು ಉಳಿಸಿತು.

ದಕ್ಷಿಣ ಏಷ್ಯಾದವರು ಮತ್ತು ಭಾರತೀಯರು

ವಲಸಿಗರ ಹೋರಾಟವೆಂದರೆ ಲ್ಯಾಟಿನೋಗಳದ್ದು ಎಂಬ ಗ್ರಹಿಕೆ ಸಾಮಾನ್ಯ. ದಕ್ಷಿಣ ಏಷ್ಯಾದವರ ಪಾಲೂ ಇದರಲ್ಲಿ ಸಣ್ಣದಲ್ಲ. ನ್ಯೂಯಾರ್ಕ್‌ನಲ್ಲಿ ಮನೆಗೆಲಸದ ಹೆಂಗಸರ ‘ಆಂದೋಲನ್’, ದುಡಿಯುವ ವರ್ಗದ ‘ಡ್ರಮ್’, ಭೈರವಿ ದೇಸಾಯಿ ನೇತೃತ್ವದ ಟ್ಯಾಕ್ಸಿ ಚಾಲಕರ ಸಂಘ ಇವು 2000ದ ಆಸುಪಾಸಿನಲ್ಲಿ ಹುಟ್ಟಿದವು. 2010ರಲ್ಲಿ ನ್ಯೂಯಾರ್ಕ್ ರಾಜ್ಯ ಮನೆಗೆಲಸದವರ ಹಕ್ಕುಗಳ ಕಾಯ್ದೆ ತಂದದ್ದು ಇಂಥ ಸಂಘಗಳ ದೀರ್ಘ ಒತ್ತಡದಿಂದ.

2006ರ ಕೊನೆಯಿಂದ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಮಿಸಿಸಿಪಿ ಮತ್ತು ಟೆಕ್ಸಾಸಿನ ಹಡಗುಕಟ್ಟೆಗಳಿಗೆ ಸುಮಾರು 500 ಭಾರತೀಯ ವೆಲ್ಡರುಗಳನ್ನೂ ಪೈಪ್ ಫಿಟ್ಟರುಗಳನ್ನೂ ತರಿಸಿಕೊಂಡಿತು. ಗ್ರೀನ್ ಕಾರ್ಡಿನ ಆಸೆಗೆ ಏಜೆಂಟರಿಗೆ ಸಾಲ ಮಾಡಿ ಹಣ ಕೊಟ್ಟಿದ್ದ ಅವರು ಬಂದಿಳಿದದ್ದು ತಾತ್ಕಾಲಿಕ ವೀಸಾದಲ್ಲಿ. ಒಂದೊಂದು ಟ್ರೇಲರಿನಲ್ಲಿ 24 ಜನರವರೆಗೆ ಇಟ್ಟು, ಅದಕ್ಕೂ ಸಂಬಳದಲ್ಲಿ ಹಣ ಮುರಿದುಕೊಳ್ಳುತ್ತಿದ್ದರು. ಸಾಕೇತ್ ಸೋನಿ ಮುನ್ನಡೆಸಿದ ನ್ಯೂ ಆರ್ಲಿಯನ್ಸ್‌ನ ಕಾರ್ಮಿಕ ಕೇಂದ್ರದ ನೆರವಿನಿಂದ 2008ರ ಮಾರ್ಚ್‌ನಲ್ಲಿ ಕಾರ್ಮಿಕರು ಹೊರನಡೆದರು. ಸತ್ಯಾಗ್ರಹವೆಂದೇ ಕರೆದು ವಾಷಿಂಗ್ಟನ್‌ಗೆ ಯಾತ್ರೆ ಹೋಗಿ ಉಪವಾಸ ಕೂತರು. 2015ರಲ್ಲಿ ತೀರ್ಪುಗಾರ ಮಂಡಳಿ ಐವರು ಕಾರ್ಮಿಕರಿಗೆ 1.4 ಕೋಟಿ ಡಾಲರ್ ಪರಿಹಾರ ಕೊಡಿಸಿತು.

ಬೆಂಗಳೂರಿನ ಐ.ಟಿ. ಉದ್ಯಮದಿಂದ ಎಚ್-1ಬಿ ವೀಸಾದಲ್ಲಿ ಹೋದ ಕನ್ನಡಿಗರಿಗೆ ತಟ್ಟಿದ್ದು ಬೇರೆ ಸಮಸ್ಯೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲವಾದ್ದರಿಂದ ಭಾರತೀಯರ ಸರದಿ ದಶಕಗಳವರೆಗೆ ಹಿಗ್ಗಿದೆ. ಈ ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65ರಿಂದಲೂ, 2020ರ ಡಿಸೆಂಬರ್‌ನಲ್ಲಿ ಬದಲಾದ ರೂಪದಲ್ಲಿ ಸೆನೆಟ್ಟಿನಲ್ಲೂ ಅಂಗೀಕಾರವಾದರೂ, ಎರಡನ್ನೂ ಒಂದಾಗಿಸುವಷ್ಟರಲ್ಲಿ ಅವಧಿ ಮುಗಿಯಿತು. ಸರದಿಯಲ್ಲಿರುವವರ ಮಕ್ಕಳು 21 ತುಂಬಿದೊಡನೆ ಅವಲಂಬಿತರ ವೀಸಾ ಕಳೆದುಕೊಳ್ಳುತ್ತಾರೆ. ‘ಡಾಕಾ’ಗೆ ದಾಖಲೆಯಿಲ್ಲದವರಷ್ಟೇ ಅರ್ಹರಾದ್ದರಿಂದ ಇವರಿಗೆ ಅದೂ ಸಿಗಲಿಲ್ಲ. ಇಂಥ ಯುವಜನರು ‘ಇಂಪ್ರೂವ್ ದ ಡ್ರೀಮ್’ ಎಂಬ ಸಂಘಟನೆ ಕಟ್ಟಿಕೊಂಡಿದ್ದಾರೆ. ಎಚ್-1ಬಿ ನೌಕರರ ಸಂಗಾತಿಗಳಲ್ಲಿ ಒಂದು ವರ್ಗಕ್ಕೆ ಕೆಲಸದ ಪರವಾನಗಿ 2015ರಲ್ಲಿ ದೊರೆಯಿತು. 1998ರಲ್ಲಿ ಸ್ಥಾಪನೆಯಾದ ‘ಅಕ್ಕ’ ಸೇರಿದಂತೆ ಕನ್ನಡ ಕೂಟಗಳ ಮುಖ್ಯ ಕಾರ್ಯಕ್ಷೇತ್ರ ಭಾಷೆ ಮತ್ತು ಸಂಸ್ಕೃತಿ; ವಲಸೆ ನೀತಿಯ ಹೋರಾಟ ವೃತ್ತಿನಿರತರ ಮತ್ತು ದಕ್ಷಿಣ ಏಷ್ಯಾದವರ ಪ್ರತ್ಯೇಕ ಸಂಘಟನೆಗಳ ಮೂಲಕ ನಡೆಯುತ್ತದೆ.

ಒಳಗಿನ ಭಿನ್ನಾಭಿಪ್ರಾಯ, ಹೊರಗಿನ ವಿರೋಧ

ಸಮಗ್ರ ಸುಧಾರಣೆಗಾಗಿ ಗಡಿ ಕಾವಲು ಹೆಚ್ಚಿಸಲು ಒಪ್ಪಬಹುದೇ ಎಂಬುದು ಹಳೆಯ ಜಗಳ. ರಾಜಧಾನಿಯ ಸಂಸ್ಥೆಗಳು ಒಪ್ಪಿದರೆ, ಎಲ್ ಪಾಸೋದಂಥ ಗಡಿಯೂರುಗಳ ಸಂಘಟನೆಗಳಿಗೆ ಆ ಬೆಲೆ ತೆರಬೇಕಾದವರು ತಾವೇ ಎಂಬ ಅಳಲು. ತಾತ್ಕಾಲಿಕ ಕಾರ್ಮಿಕ ವೀಸಾಗಳನ್ನು ಕೃಷಿ ಮಾಲೀಕರು ಬಯಸಿದರೆ, ‘ಬ್ರಸೇರೊ’ ನೆನಪಿರುವ ಕಾರ್ಮಿಕ ಸಂಘಗಳು ವಿರೋಧಿಸುತ್ತವೆ. ತಮ್ಮ ತಪ್ಪಿಲ್ಲದೆ ಬಂದ ಮಕ್ಕಳು ಎಂಬ ವಾದ ‘ಡ್ರೀಮ್’ ಮಸೂದೆಗೆ ಜನಬೆಂಬಲ ತಂದಿತು. ಆದರೆ ತಪ್ಪೆಲ್ಲ ತಂದೆತಾಯಿಯರದ್ದು ಎಂದಂತಾಗುತ್ತದೆಂದು ಅದೇ ಯುವಜನರು ಮುಂದೆ ಆ ಮಾತನ್ನು ಕೈಬಿಟ್ಟರು. ಅಪರಾಧ ದಾಖಲೆ ಇರುವವರ ಪರ ನಿಲ್ಲಬೇಕೇ ಎಂಬ ಪ್ರಶ್ನೆಯೂ ಇನ್ನೂ ಇತ್ಯರ್ಥವಾಗಿಲ್ಲ.

ವಿರೋಧಿಗಳಲ್ಲಿ 1979ರಲ್ಲಿ ಹುಟ್ಟಿದ ‘ಫೇರ್’, 1985ರ ಸೆಂಟರ್ ಫಾರ್ ಇಮಿಗ್ರೇಷನ್ ಸ್ಟಡೀಸ್ ಮತ್ತು ನಂಬರ್ಸ್‌ಯುಎಸ್ಎ ಪ್ರಮುಖ. ವಲಸೆಯಿಂದ ಸ್ಥಳೀಯರ ಕೂಲಿ ಇಳಿಯುತ್ತದೆ, ಸಾರ್ವಜನಿಕ ವೆಚ್ಚ ಏರುತ್ತದೆ, 1986ರಂತೆ ಕ್ಷಮೆ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆ ಎಂಬುದು ಅವರ ವಾದ. 1986ರ ನಂತರ ದಾಖಲೆಯಿಲ್ಲದವರ ಸಂಖ್ಯೆ ಮತ್ತೆ ಬೆಳೆದು 2007ರಲ್ಲಿ ಸುಮಾರು 1.2 ಕೋಟಿ ಮುಟ್ಟಿದ್ದನ್ನು ಅವರು ಉದಾಹರಿಸುತ್ತಾರೆ. ಮುಂದೆ ಬರುವ ಕಾರ್ಮಿಕರಿಗೆ ಕಾನೂನಿನ ದಾರಿ ಮಾಡದೆ ಹೋದದ್ದೇ ಅದಕ್ಕೆ ಕಾರಣವೆಂಬುದು ಒಕ್ಕೂಟಗಳ ಉತ್ತರ.

2017ರ ನಂತರ

ಡೊನಾಲ್ಡ್ ಟ್ರಂಪ್ ಆಡಳಿತದ ಮೊದಲ ವಾರದಲ್ಲೇ, 2017ರ ಜನವರಿ 27ರಂದು, ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳವರ ಪ್ರವೇಶ ನಿಷೇಧಿಸುವ ಆದೇಶ ಹೊರಬಿತ್ತು. ವಿಮಾನ ನಿಲ್ದಾಣಗಳಲ್ಲಿ ಜನ ಜಮಾಯಿಸಿದರು. ವಕೀಲರು ನೆಲದ ಮೇಲೆ ಕೂತು ಅರ್ಜಿ ಬರೆದರು. ನ್ಯೂಯಾರ್ಕ್‌ನ ಟ್ಯಾಕ್ಸಿ ಚಾಲಕರು ಕೆನಡಿ ನಿಲ್ದಾಣದಿಂದ ಪ್ರಯಾಣಿಕರನ್ನು ಒಂದು ಗಂಟೆ ಹತ್ತಿಸಿಕೊಳ್ಳಲಿಲ್ಲ. ನಿಷೇಧದ ಮೂರನೆಯ ರೂಪವನ್ನು ಸುಪ್ರೀಂ ಕೋರ್ಟು 2018ರಲ್ಲಿ 5–4ರಿಂದ ಎತ್ತಿಹಿಡಿಯಿತು. ಅದೇ ವರ್ಷ ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿದ ಕ್ರಮ ದೇಶವ್ಯಾಪಿ ಪ್ರತಿಭಟನೆಗೆ ಕಾರಣವಾಗಿ ಜೂನ್‌ನಲ್ಲಿ ನಿಂತಿತು. ಟ್ರಂಪ್ ಆಡಳಿತ ಮಾಡಿದ್ದ ‘ಡಾಕಾ’ ರದ್ದತಿಯನ್ನು 2020ರ ಜೂನ್ 18ರಂದು ಸುಪ್ರೀಂ ಕೋರ್ಟು ಕಾರ್ಯವಿಧಾನದ ದೋಷದ ಮೇಲೆ 5–4ರಿಂದ ತಳ್ಳಿಹಾಕಿತು.

ಜೋ ಬೈಡನ್ ಆಡಳಿತದಲ್ಲಿ ಕೆಳಮನೆ 2021ರ ಮಾರ್ಚ್‌ನಲ್ಲಿ ಯುವಜನರಿಗೂ ಹೊಲಗೆಲಸದವರಿಗೂ ನೆಲೆ ಕೊಡುವ ಎರಡು ಮಸೂದೆಗಳನ್ನು ಒಪ್ಪಿತು; ಸೆನೆಟ್ ದಾಟಲಿಲ್ಲ. ಆಯವ್ಯಯ ಮಸೂದೆಯೊಳಗೆ ಸೇರಿಸುವ ಪ್ರಯತ್ನವನ್ನು ಸೆನೆಟ್ಟಿನ ನಿಯಮಾಧಿಕಾರಿ ಮೂರು ಬಾರಿ ತಡೆದರು. 2025ರಲ್ಲಿ ಟ್ರಂಪ್ ಮರಳಿದ ಮೇಲೆ ಒಕ್ಕೂಟಗಳ ಹೆಸರು ಮೊಕದ್ದಮೆಗಳಲ್ಲೇ ಮೂಡತೊಡಗಿತು. ಜನ್ಮಸಿದ್ಧ ಪೌರತ್ವ ನಿರಾಕರಿಸುವ ಆದೇಶವನ್ನು ಪ್ರಶ್ನಿಸಿದವರಲ್ಲಿ ಮೇರಿಲ್ಯಾಂಡಿನ ‘ಕಾಸಾ’ ಒಂದು (1968ರ ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ). ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜೂನ್ 27ರಂದು ಆದೇಶ ಸಂವಿಧಾನಬದ್ಧವೇ ಎಂಬುದನ್ನು ತೀರ್ಮಾನಿಸದೆ, ಕೆಳ ನ್ಯಾಯಾಲಯಗಳು ದೇಶವ್ಯಾಪಿ ತಡೆಯಾಜ್ಞೆ ಕೊಡುವ ಅಧಿಕಾರವನ್ನು 6–3ರಿಂದ ಮೊಟಕುಗೊಳಿಸಿತು. ಲಾಸ್ ಏಂಜಲೀಸ್‌ನ ಬೀದಿ, ಕಾರು ತೊಳೆಯುವ ಜಾಗಗಳಲ್ಲಿ ನಡೆದ ದಾಳಿಗಳ ವಿರುದ್ಧ ಚಿರ್ಲಾ ಮತ್ತಿತರರು ಜುಲೈನಲ್ಲಿ ಪಡೆದ ತಡೆಯಾಜ್ಞೆಯನ್ನು ಅದೇ ನ್ಯಾಯಾಲಯ ಸೆಪ್ಟೆಂಬರ್ 8ರಂದು ಅಮಾನತಿನಲ್ಲಿಟ್ಟಿತು.

ಮೌಲ್ಯಮಾಪನ

ನಾಲ್ಕು ದಶಕಗಳ ಲೆಕ್ಕ ತೆಗೆದರೆ ಈ ಒಕ್ಕೂಟಗಳ ಮುಖ್ಯ ಬೇಡಿಕೆ ಈಡೇರಿಲ್ಲ. ಸೆನೆಟ್ಟಿನ 60 ಮತಗಳ ನಿಯಮ, ಎರಡು ಪಕ್ಷಗಳ ಧ್ರುವೀಕರಣ, ಮತದಾನದ ಹಕ್ಕಿಲ್ಲದವರ ಪರವಾಗಿ ಮತ ಕೇಳಬೇಕಾದ ಮೂಲ ತೊಡಕು ಇವು ಕಾರಣಗಳು. ಕಾಯ್ದೆಯ ಬದಲು ಅಧ್ಯಕ್ಷರ ಆದೇಶದಿಂದ ಪಡೆದದ್ದನ್ನು ಮುಂದಿನ ಅಧ್ಯಕ್ಷರು ಹಿಂದೆಗೆಯಲು ಯತ್ನಿಸಬಲ್ಲರು ಎಂಬುದನ್ನು ‘ಡಾಕಾ’ ತೋರಿಸಿತು. ರಾಜ್ಯಗಳ ಗಳಿಕೆಯೂ ಭದ್ರವಲ್ಲ. 2024ರ ಜನವರಿಯಿಂದ ಎಲ್ಲ ವಯಸ್ಸಿನ ದಾಖಲೆರಹಿತ ಬಡವರಿಗೂ ಸರ್ಕಾರಿ ಆರೋಗ್ಯ ವಿಮೆ ತೆರೆದಿದ್ದ ಕ್ಯಾಲಿಫೋರ್ನಿಯಾ, ಹಣಕಾಸಿನ ಒತ್ತಡದಿಂದ 2026ರ ಜನವರಿಯಿಂದ ವಯಸ್ಕರ ಹೊಸ ನೋಂದಣಿ ನಿಲ್ಲಿಸಲು ತೀರ್ಮಾನಿಸಿತು.

ಹಾಗಿದ್ದರೂ ಒಕ್ಕೂಟಗಳಿಲ್ಲದ ರಾಜ್ಯಕ್ಕೂ ಇರುವ ರಾಜ್ಯಕ್ಕೂ ವಲಸಿಗನ ಬದುಕಿನಲ್ಲಿ ಕಾಣುವ ವ್ಯತ್ಯಾಸ ದೊಡ್ಡದು. ಒಂದೇ ದೇಶದ ಒಂದೇ ವಲಸೆ ಕಾನೂನಿನಡಿ, ಒಂದು ರಾಜ್ಯದಲ್ಲಿ ಪರವಾನಗಿ ಪಡೆದು ಕಾರು ಓಡಿಸಿ, ಮಗಳನ್ನು ಸ್ಥಳೀಯ ಶುಲ್ಕದಲ್ಲಿ ಕಾಲೇಜಿಗೆ ಕಳಿಸಬಲ್ಲವನು, ಇನ್ನೊಂದು ರಾಜ್ಯದಲ್ಲಿ ಸಂಚಾರಿ ತಪಾಸಣೆಯಿಂದಲೇ ಗಡೀಪಾರಾಗಬಹುದು. 1986ರಲ್ಲಿ ಅರ್ಜಿ ತುಂಬಲು ಸೇರಿದ ಕೂಟಗಳ ಶಾಶ್ವತ ಕೊಡುಗೆ ಯಾವುದೇ ಒಂದು ಕಾಯ್ದೆಯಲ್ಲ. ಕಾನೂನಿನ ಕಣ್ಣಿಗೆ ಬೀಳದಿರುವುದೇ ಕ್ಷೇಮವೆಂದು ಬದುಕುತ್ತಿದ್ದವರನ್ನು ಅರ್ಜಿದಾರರು, ಫಿರ್ಯಾದಿಗಳು, ಸಾಧ್ಯವಾದಲ್ಲಿ ಮತದಾರರನ್ನಾಗಿ ಮಾಡಿದ ಸ್ಥಳೀಯ ಸಂಘಟನೆಯ ಜಾಲ.